ಉದ್ದು ಒಪ್ಪಿತು, ಹೆಸರು ಒಲ್ಲೆನೆಂದಿತು

ಉದ್ದಿಲ್ಲದೆ ದೋಸೆಯಿಲ್ಲ, ಹೆಸರುಬೇಳೆಯಿಲ್ಲದೆ ರಾಮನವಮಿಯ ಕೋಸಂಬರಿಯಿಲ್ಲ. ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಅಕ್ಕಪಕ್ಕ ಕುಳಿತಿರುವ ಈ ಎರಡು ಧಾನ್ಯಗಳು ಸಸ್ಯಶಾಸ್ತ್ರದ ವಂಶಾವಳಿಯಲ್ಲಿಯೂ ಅಕ್ಕಪಕ್ಕದವೇ. ಎರಡೂ ‘ವಿಗ್ನ’ ಎಂಬ ಒಂದೇ ಕುಲಕ್ಕೆ ಸೇರಿದವು. ಎಳೆಯ ಸಸಿಗಳನ್ನು ಮುಂದಿರಿಸಿ, ಇವುಗಳಲ್ಲಿ ಉದ್ದು ಯಾವುದು, ಹೆಸರು ಯಾವುದು ಎಂದು ಕೇಳಿದರೆ ಪೇಟೆಯಲ್ಲಿ ಬೆಳೆದ ನಮ್ಮಲ್ಲಿ ಅನೇಕರು ತಬ್ಬಿಬ್ಬಾಗುವುದು ಖಂಡಿತ.

ಆದರೆ ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಗೆ ಈ ತೊಡಕಿಲ್ಲ. ಅಥವಾ ಅದರ ತೊಡಕೇ ಬೇರೆ. ಅದು ಎರಡು ಗಿಡಗಳ ಬೇರಿಗೂ ಒಂದೇ ಬಗೆಯ ಪೊಟ್ಟಣವನ್ನು ಹೊತ್ತು ಹೋಗುತ್ತದೆ. ಉದ್ದಿನ ಬೇರು ಆ ಪೊಟ್ಟಣವನ್ನು ಕೈನೀಡಿ ತೆಗೆದುಕೊಂಡು, ಬಂದ ಅತಿಥಿಗೆ ವಾಸದ ಕೋಣೆಯನ್ನೇ ಕಟ್ಟಿಕೊಡುತ್ತದೆ. ಹೆಸರಿನ ಒಂದು ತಳಿಯಾದರೋ ಅದೇ ಪೊಟ್ಟಣವನ್ನು ಕಂಡೊಡನೆ ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತದೆ. ಒಂದೇ ವಸ್ತು ಒಂದು ಮನೆಯಲ್ಲಿ ಆಮಂತ್ರಣ, ಇನ್ನೊಂದು ಮನೆಯಲ್ಲಿ ಅಪಾಯದ ಗಂಟೆ. ಇದೇಕೆ ಹೀಗೆ? ಈ ಪ್ರಶ್ನೆಯ ಹಿಂದೆ ಒಂದು ಸೊಗಸಾದ ಜೀವರಹಸ್ಯವಿದೆ. ನಮ್ಮ ಗದ್ದೆಗಳ ಹಾಗೂ ಊಟದ ತಟ್ಟೆಯ ಯೋಗಕ್ಷೇಮವೂ ಅದರೊಡನೆ ಹೆಣೆದುಕೊಂಡಿದೆ.

ಗದ್ದೆಗೆ ಬಂದ ವಿರಾಮ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನಲ್ಲಿ, ಪಾಣೆಮಂಗಳೂರಿನ ನೆರೆಯಲ್ಲಿ, ನೇತ್ರಾವತಿಯ ದಡಕ್ಕೆ ನರಿಕೊಂಬು ಎಂಬ ಗ್ರಾಮವಿದೆ. ಆ ಸೀಮೆಯ ಒಕ್ಕಲಿನವರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ತರವಾಗಿ ವಿಂಗಡಿಸುವುದು ಹಿಂದಿನಿಂದ ಬಂದ ರೂಢಿ. ತಗ್ಗಿನಲ್ಲಿದ್ದು ನೀರಿನ ಆಸರೆಯುಳ್ಳದ್ದು ಬೈಲು, ನಡುಮಟ್ಟದಲ್ಲಿರುವುದು ಮಜಲು, ಎತ್ತರದಲ್ಲಿದ್ದು ಮಳೆಯನ್ನೇ ನಂಬಿರುವುದು ಬೆಟ್ಟು. ಬೆಳೆಗಳಿಗೂ ಮೂರು ಹೆಸರು: ಮಳೆಗಾಲದ್ದು ಏಣೇಲು, ಅದರ ಹಿಂದಿನದು ಸುಗ್ಗಿ, ಬೇಸಗೆಯದು ಕೊಳಕೆ.

ಭತ್ತದ ಕೊಯ್ಲು ಮುಗಿದು, ನೆಲದಲ್ಲಿ ಇನ್ನೂ ತೇವವಿರುವಾಗಲೇ ಉದ್ದು, ಹೆಸರು, ಅಲಸಂದೆಗಳನ್ನು ಬಿತ್ತುವುದು ಕರಾವಳಿಯ ಹಳೆಯ ಪದ್ಧತಿ. ಅವಕ್ಕೆ ಹೆಚ್ಚಿನ ಗೊಬ್ಬರವನ್ನು ಯಾರೂ ಹಾಕುತ್ತಿರಲಿಲ್ಲ. ಆದರೂ ಕಾಯಿ ಬಿಡುತ್ತಿತ್ತು. ದನಕ್ಕೆ ಹೊಟ್ಟು ಸಿಗುತ್ತಿತ್ತು. ಬುಡದ ಬೇರು ಮಣ್ಣಿನಲ್ಲಿಯೇ ಕೊಳೆತು ಮುಂದಿನ ಭತ್ತಕ್ಕೆ ಬಲವಾಗುತ್ತಿತ್ತು.

ಈ ಬಲ ಎಷ್ಟು ಅಗತ್ಯವೆಂಬುದನ್ನು ಅರಿಯಬೇಕಾದರೆ ಆ ನಾಡಿನ ಮಳೆಯನ್ನು ನೆನೆಯಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯು ಜಂಬಿಟ್ಟಿಗೆಯ ಮಣ್ಣನ್ನು ತೊಳೆಯುತ್ತಲೇ ಇರುತ್ತದೆ. ನೀರಿನಲ್ಲಿ ಕರಗುವ ಪೋಷಕಾಂಶಗಳು ಹೊಳೆಯ ಪಾಲಾಗುತ್ತವೆ, ಮಣ್ಣು ಹುಳಿಯಾಗುತ್ತದೆ. ಹೀಗೆ ಕೊಚ್ಚಿಹೋಗುವ ಸಂಪತ್ತಿನಲ್ಲಿ ಮುಖ್ಯವಾದದ್ದು ಸಾರಜನಕ.

ಸಾರಜನಕದಿಂದ ಸಸಾರಜನಕಕ್ಕೆ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲು ಹೊರಟ ಹಿರಿಯರು ಪ್ರೋಟೀನಿಗೆ ‘ಸಸಾರಜನಕ’ ಎಂಬ ಹೆಸರನ್ನು ಬಳಕೆಗೆ ತಂದರು. ಸಾರಜನಕದಿಂದ ಕೂಡಿರುವುದು ಸಸಾರಜನಕ. ಹೆಸರಿನಲ್ಲಿಯೇ ಅರ್ಧ ಪಾಠವಿದೆ. ಸಾರಜನಕವಿಲ್ಲದೆ ಪ್ರೋಟೀನಿಲ್ಲ, ಪ್ರೋಟೀನಿಲ್ಲದೆ ಮಾಂಸಖಂಡವಿಲ್ಲ, ರಕ್ತವಿಲ್ಲ, ಜೀವವೇ ಇಲ್ಲ. ಅಕ್ಕಿಯ ನೂರು ಗ್ರಾಮಿನಲ್ಲಿ ಸುಮಾರು 7 ಗ್ರಾಮ್ ಸಸಾರಜನಕವಿದ್ದರೆ ಉದ್ದಿನ ಬೇಳೆಯ ನೂರು ಗ್ರಾಮಿನಲ್ಲಿ ಸುಮಾರು 24 ಗ್ರಾಮಿನಷ್ಟಿದೆ. ಗೊಬ್ಬರವಿಲ್ಲದೆ ಬೆಳೆದ ಗಿಡಕ್ಕೆ ಈ ಐಶ್ವರ್ಯ ಎಲ್ಲಿಂದ ಬಂದಿತು?

ಗಾಳಿಯಿಂದ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಪರಮಾಣುಗಳು ಜೋಡಿಜೋಡಿಯಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಆ ಬಿಗಿಯನ್ನು ಬಿಡಿಸಲು ಮನುಷ್ಯನಿಗೆ ಸಾಧ್ಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಅದರ ಮಾರ್ಗವನ್ನು ತೋರಿಸಿದನು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದನು. ನಾನ್ನೂರು ಡಿಗ್ರಿಗೂ ಮೇಲ್ಪಟ್ಟ ಶಾಖ, ವಾಯುಮಂಡಲದ ನೂರಾರು ಪಟ್ಟು ಒತ್ತಡ ಇವೆರಡೂ ಅದಕ್ಕೆ ಬೇಕು. ದಕ್ಷಿಣ ಕನ್ನಡದ ಪಣಂಬೂರಿನಲ್ಲಿ 1976ರಿಂದ ಯೂರಿಯ ತಯಾರಿಸುತ್ತಿರುವ ಕಾರ್ಖಾನೆಯ ಹಿಂದಿರುವುದೂ ಇದೇ ವಿದ್ಯೆ.

ಅದೇ ಜಿಲ್ಲೆಯ ಉದ್ದಿನ ಗಿಡದ ಬೇರಿನಲ್ಲಿ, ಬೆಂಕಿಯಿಲ್ಲದೆ, ಸದ್ದಿಲ್ಲದೆ, ಮಣ್ಣಿನ ತಂಪಿನಲ್ಲಿಯೇ ಈ ಕೆಲಸ ನಡೆಯುತ್ತದೆ. ಗಿಡವನ್ನು ಮೆಲ್ಲನೆ ಕಿತ್ತು ಬೇರನ್ನು ತೊಳೆದರೆ ಸಾಸಿವೆ ಕಾಳಿನಿಂದ ಮೆಣಸಿನ ಕಾಳಿನವರೆಗಿನ ಗಾತ್ರದ ಗಂಟುಗಳು ಕಾಣುತ್ತವೆ. ಗಾಳಿಯ ಸಾರಜನಕವು ಗಿಡಕ್ಕೆ ದೊರೆಯುವುದು ಈ ಗಂಟುಗಳ ಮೂಲಕವೆಂಬುದನ್ನು ಜರ್ಮನಿಯ ಹೆಲ್‌ರೀಗಲ್ 1886ರಲ್ಲಿ ಸಾರಿದನು. ಅವನೂ ಸಹೋದ್ಯೋಗಿ ವಿಲ್‌ಫಾರ್ಟನೂ ಸೇರಿ 1888ರಲ್ಲಿ ಅದರ ಪೂರ್ಣ ವಿವರವನ್ನು ಪ್ರಕಟಿಸಿದರು. ಅದೇ 1888ರಲ್ಲಿ ಹಾಲೆಂಡಿನ ಬೈಯರಿಂಕನು ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ‘ರೈಜೋಬಿಯಮ್’ ಎಂಬುದು ಈ ಬಳಗಕ್ಕೆ ಬಂದ ಹೆಸರು; ಬೇರಿನಲ್ಲಿ ಬಾಳುವುದು ಎಂದು ಅದರ ಅರ್ಥ. ನಮ್ಮ ಉದ್ದು, ಹೆಸರು, ಅಲಸಂದೆಗಳೊಡನೆ ಹೆಚ್ಚಾಗಿ ಕೂಡುವುದು ಅದೇ ಬಳಗದ, ನಿಧಾನವಾಗಿ ಬೆಳೆಯುವ ‘ಬ್ರೇಡಿರೈಜೋಬಿಯಮ್’ ಎಂಬ ಶಾಖೆ.

ಸಂಭಾಷಣೆಯಿಂದ ಹುಟ್ಟುವ ಅಂಗ

ಇಲ್ಲಿ ಓದುಗರು ಒಂದು ವಿಚಿತ್ರವನ್ನು ಗಮನಿಸಬೇಕು. ಎಲೆ, ಹೂವು, ಕಾಯಿ ಇವೆಲ್ಲ ಗಿಡ ತಾನಾಗಿ ಬೆಳೆಸುವ ಅಂಗಗಳು. ಬೇರುಗಂಟು ಹಾಗಲ್ಲ. ಬ್ಯಾಕ್ಟೀರಿಯವೇ ಇಲ್ಲದಂತೆ ಶುದ್ಧಮಾಡಿದ ಮಣ್ಣಿನಲ್ಲಿ ಉದ್ದನ್ನು ಬಿತ್ತಿದರೆ ಗಿಡ ಬರುತ್ತದೆ, ಗಂಟು ಬರುವುದಿಲ್ಲ. ಗಂಟು ಕಟ್ಟುವ ಸಾಮರ್ಥ್ಯ ಗಿಡದಲ್ಲಿಯೇ ಇದ್ದರೂ ಅದನ್ನು ಎಚ್ಚರಿಸಲು ಹೊರಗಿನವನೊಬ್ಬ ಬರಬೇಕು. ಇಬ್ಬರ ಮಾತುಕತೆಯಿಂದ ಮಾತ್ರ ಹುಟ್ಟುವ ಅಂಗವಿದು.

ಮೊದಲ ಮಾತನ್ನು ಆಡುವುದು ಗಿಡ. ಸಾರಜನಕದ ಕೊರತೆಯಾದಾಗ ಬೇರು ‘ಫ್ಲೇವನಾಯ್ಡ್’ ಎಂಬ ಬಗೆಯ ರಸಾಯನಿಕಗಳನ್ನು ಮಣ್ಣಿಗೆ ಬಿಡುತ್ತದೆ. ಅದನ್ನು ಅರಿತ ಬ್ಯಾಕ್ಟೀರಿಯ ಸಕ್ಕರೆಯ ಸರಪಣಿಗೆ ಕೊಬ್ಬಿನ ಬಾಲವಿರುವಂತಹ ಒಂದು ಸಣ್ಣ ಅಣುವನ್ನು ಮರುಮಾತಾಗಿ ಕಳುಹಿಸುತ್ತದೆ. ಇದನ್ನು ‘ನಾಡ್ ಫ್ಯಾಕ್ಟರ್’ ಎನ್ನುತ್ತಾರೆ. ಇದರ ರಚನೆ ಫ್ರಾನ್ಸಿನಲ್ಲಿ 1990ರಲ್ಲಿ ಬೆಳಕಿಗೆ ಬಂದಿತು. ಈ ಅಣು ತಾಕಿದೊಡನೆ ಬೇರಿನ ಸಣ್ಣ ಕೂದಲು ಮುದುಡಿ ಬ್ಯಾಕ್ಟೀರಿಯವನ್ನು ಅಪ್ಪಿಕೊಳ್ಳುತ್ತದೆ. ಅಲ್ಲಿಂದ ಒಳಗೆ ಕಿರಿದಾದ ಸುರಂಗವೊಂದು ಸಾಗುತ್ತದೆ. ಬೇರಿನ ಒಳಭಾಗದಲ್ಲಿ, ಬೆಳವಣಿಗೆಯನ್ನು ಮುಗಿಸಿ ಸುಮ್ಮನಿದ್ದ ಜೀವಕೋಶಗಳು ಮತ್ತೆ ಇಬ್ಭಾಗವಾಗತೊಡಗುತ್ತವೆ. ದಿನಗಳಲ್ಲಿ ಗಂಟು ಮೂಡುತ್ತದೆ. ಅದರೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು ನೆಲಸುತ್ತವೆ. ಗಿಡ ಅವಕ್ಕೆ ಆಹಾರವನ್ನು ಕೊಡುತ್ತದೆ. ಅವು ಗಿಡಕ್ಕೆ ಅಮೋನಿಯವನ್ನು ಕೊಡುತ್ತವೆ.

ಸಾರಜನಕವನ್ನು ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಗಲಿದರೆ ಕೆಡುಕು. ಆದುದರಿಂದ ಆಮ್ಲಜನಕವನ್ನು ಅಳತೆಯಲ್ಲಿ ಒದಗಿಸುವ ಒಂದು ಕೆಂಪು ವಸ್ತುವನ್ನು ಗಿಡ ಗಂಟಿನೊಳಗೆ ತುಂಬುತ್ತದೆ. 1939ರಲ್ಲಿ ಜಪಾನಿನ ಕುಬೊ ಇದನ್ನು ಗುರುತಿಸಿದಾಗ ವಿಜ್ಞಾನಿಗಳು ಬೆರಗಾದರು. ಏಕೆಂದರೆ ಅದು ನಮ್ಮ ನೆತ್ತರನ್ನು ಕೆಂಪಾಗಿಸುವ ಹಿಮೊಗ್ಲೋಬಿನ್ನಿನ ದಾಯಾದಿ! ಕೆಲಸ ಮಾಡುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುವುದು ಇದರಿಂದಲೇ.

ಗೋಡೆಯಾಚೆಗೆ ಕಳುಹಿಸುವ ವಿದ್ಯೆ

ಇಷ್ಟೇ ಆಗಿದ್ದರೆ ಕಥೆ ಸರಳವಾಗಿತ್ತು. ಆದರೆ ಬ್ಯಾಕ್ಟೀರಿಯದ ಬಳಿ ನಾಡ್ ಫ್ಯಾಕ್ಟರಿನ ಜೊತೆಗೆ ಎರಡನೆಯ ಭಾಷೆಯೊಂದಿದೆ ಎಂಬುದು ಈಚಿನ ದಶಕಗಳಲ್ಲಿ ತಿಳಿದುಬಂದಿತು. ಅದು ಸಸಾರಜನಕದ ಭಾಷೆ.

ಸಸಾರಜನಕದ ಅಣು ದೊಡ್ಡದು. ಜೀವಕೋಶವನ್ನು ಸುತ್ತಿರುವ ಕೊಬ್ಬಿನ ಪೊರೆಯನ್ನು ಅದು ತಾನಾಗಿ ದಾಟಲಾರದು. ರೈಜೋಬಿಯಮ್ಮಿನಂತಹ ಬ್ಯಾಕ್ಟೀರಿಯಗಳಿಗಾದರೋ ಒಂದಲ್ಲ, ಎರಡು ಪೊರೆಗಳು. ಒಳಗೆ ತಯಾರಾದ ಸರಕನ್ನು ಎರಡು ಕೋಟೆಗೋಡೆಗಳನ್ನು ದಾಟಿಸಿ ಹೊರಗೆ ಕಳುಹಿಸುವುದಕ್ಕೆ ವಿಶೇಷ ಏರ್ಪಾಡು ಬೇಕು. ಯಾವ ಸಸಾರಜನಕ ಎಲ್ಲಿಗೆ ಹೋಗಬೇಕೆಂಬ ವಿಳಾಸ ಅದರ ಮೈಯಲ್ಲಿಯೇ ಬರೆದಿರುತ್ತದೆ ಎಂಬುದನ್ನು ತೋರಿಸಿದ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೀಗೆ ವಿಳಾಸ ಹೊತ್ತ ಸರಕನ್ನು ಹೊರಗೆ ಸಾಗಿಸುವ ಬ್ಯಾಕ್ಟೀರಿಯದ ಯಂತ್ರಗಳನ್ನು ವಿಜ್ಞಾನಿಗಳು ಒಂದನೆಯ ಬಗೆ, ಎರಡನೆಯ ಬಗೆ ಎಂದು ಎಣಿಸಿಟ್ಟಿದ್ದಾರೆ. ಕೆಲವು ಯಂತ್ರಗಳು ಸರಕನ್ನು ಹೊಸ್ತಿಲಾಚೆ ಚೆಲ್ಲಿ ಸುಮ್ಮನಾಗುತ್ತವೆ. ನಮ್ಮ ಕಥೆಗೆ ಬೇಕಾದ ಮೂರನೆಯ ಬಗೆಯದು ಹಾಗಲ್ಲ. ಅದು ನೆರೆಮನೆಯ ಒಳಕೋಣೆಗೇ ಸರಕನ್ನು ಮುಟ್ಟಿಸುತ್ತದೆ.

ಅದರ ರೂಪವನ್ನು ವೈದ್ಯರ ಚುಚ್ಚುಮದ್ದಿನ ಸಿರಿಂಜಿಗೆ ಹೋಲಿಸಬಹುದು. ಎರಡು ಪೊರೆಗಳನ್ನೂ ಹಾಯ್ದು ನಿಂತ ಬಳೆಗಳ ಬುಡ. ಅದರಿಂದ ಹೊರಚಾಚಿದ ಟೊಳ್ಳಾದ ಸೂಜಿ. ಸರಕನ್ನು ನೂಕಲು ಬುಡದಲ್ಲಿ ಶಕ್ತಿಯನ್ನೊದಗಿಸುವ ಒಂದು ಎಂಜಿನ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ಈ ಸೂಜಿಯ ಒಳದಾರಿಯ ಅಗಲ ಅಂತಹ ಎರಡು ಮೂರು ಪಾಲುಗಳಷ್ಟೇ. ಉಂಡೆಯಾಗಿ ಮಡಿಸಿಕೊಂಡಿರುವ ಸಸಾರಜನಕ ಅಷ್ಟು ಕಿರಿದಾದ ದಾರಿಯಲ್ಲಿ ಹೋಗಲಾರದು. ಆದುದರಿಂದ ಅದರ ಮಡಿಕೆ ಬಿಡಿಸಿ, ನೂಲಿನಂತೆ ಮಾಡಿ, ಸೂಜಿಯ ಕಣ್ಣಿಗೆ ದಾರ ಪೋಣಿಸುವಂತೆ ಕಳುಹಿಸಲಾಗುತ್ತದೆ. 1998ರಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣುವಿನಿಂದ ಈ ಯಂತ್ರವನ್ನು ಬೇರ್ಪಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡವರಿಗೆ ಸೂಜಿಯ ಆಕಾರ ಸ್ಪಷ್ಟವಾಗಿಯೇ ಕಂಡಿತು. ರೈಜೋಬಿಯಮ್ಮಿನಲ್ಲಿ ಸೂಜಿಯ ಸ್ಥಾನದಲ್ಲಿ ನೀಳವಾದ ಎಳೆಯಿರುತ್ತದೆ. ಕೆಲಸದ ತತ್ತ್ವ ಅದೇ.

ಮಿತ್ರನ ಕೈಯಲ್ಲಿ ಶತ್ರುವಿನ ಆಯುಧ

ಈ ಯಂತ್ರ ಮೊದಲು ಹೆಸರಾದದ್ದು ದುಷ್ಟಕೂಟದಲ್ಲಿ. ಪ್ಲೇಗಿನ ಬ್ಯಾಕ್ಟೀರಿಯ, ಕರುಳನ್ನು ಕೆಡಿಸುವ ಸಾಲ್ಮೊನೆಲ್ಲ, ಭತ್ತದ ಎಲೆಯನ್ನು ಒಣಗಿಸುವ ಜಾಂತೊಮೋನಾಸ್—ಇವೆಲ್ಲ ಮೂರನೆಯ ಬಗೆಯ ಸೂಜಿಯಿಂದಲೇ ಸಸಾರಜನಕಗಳನ್ನು ಚುಚ್ಚಿ ಆಶ್ರಯದಾತನ ಕಾವಲನ್ನು ಮುರಿಯುತ್ತವೆ. ಆದುದರಿಂದ ಅದು ಆಯುಧವೆಂದೇ ಎಲ್ಲರೂ ನಂಬಿದ್ದರು.

ಅಷ್ಟರಲ್ಲಿ ಒಂದು ಅಚ್ಚರಿ ಕಾದಿತ್ತು. ನ್ಯೂಗಿನಿ ದ್ವೀಪದಲ್ಲಿ ಅವರೆಯ ಬೇರುಗಂಟಿನಿಂದ—ನಮ್ಮ ಮೈಸೂರು ಸೀಮೆಯವರು ಚಳಿಗಾಲದಲ್ಲಿ ಕಾದು ಕುಳಿತು ಉಣ್ಣುವ ಅದೇ ಅವರೆ—ಎತ್ತಿದ ಒಂದು ರೈಜೋಬಿಯಮ್ ಇದೆ. ‘ಎನ್.ಜಿ.ಆರ್. 234’ ಎಂದು ಅದರ ಗುರುತು. ನೂರಕ್ಕೂ ಹೆಚ್ಚು ಕುಲಗಳ ದ್ವಿದಳ ಸಸ್ಯಗಳೊಡನೆ ಗಂಟು ಕಟ್ಟಬಲ್ಲ ಮಹಾ ಸ್ನೇಹಜೀವಿ ಅದು. 1997ರಲ್ಲಿ ಅದರ ವಂಶವಾಹಿಗಳ ಒಂದು ಭಾಗವನ್ನು ಪೂರ್ಣವಾಗಿ ಓದಿದಾಗ, ರೋಗಾಣುಗಳ ಆ ಚುಚ್ಚುಸೂಜಿಯ ನಕ್ಷೆ ಅಲ್ಲಿಯೂ ಇರುವುದು ಕಂಡುಬಂದಿತು! ಊರಿಗೆಲ್ಲ ಬೇಕಾದ ಸಜ್ಜನನ ಜೇಬಿನಲ್ಲಿ ಕಳ್ಳನ ಕನ್ನಗತ್ತಿ ಸಿಕ್ಕಿದಂತಾಯಿತು. ಇನ್ನೂ ವಿಚಿತ್ರವೆಂದರೆ, ಈ ಸೂಜಿಯನ್ನು ಕಟ್ಟಲು ಬ್ಯಾಕ್ಟೀರಿಯಕ್ಕೆ ಅಪ್ಪಣೆ ಬರುವುದು ಗಿಡದ ಅದೇ ಫ್ಲೇವನಾಯ್ಡ್ ಕರೆಯಿಂದ. ಅಂದರೆ ಗಿಡವೇ ಅತಿಥಿಯನ್ನು ಕೂಗಿ ಕರೆದು ಸೂಜಿಯನ್ನೂ ಸಿದ್ಧಪಡಿಸಿಕೋ ಎಂದು ಹೇಳಿದಂತೆ!

ಸಜ್ಜನನಿಗೆ ಈ ಆಯುಧ ಏತಕ್ಕೆ? ಉತ್ತರದ ಒಂದು ಭಾಗ ಜಪಾನಿನಿಂದ ಬಂದಿತು. ನಮ್ಮ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಬೆಳೆಯುವ ಸೋಯ ಅವರೆಯನ್ನು ಜಪಾನಿನವರು ಬಹು ಪ್ರೀತಿಯಿಂದ ಬೆಳೆಯುತ್ತಾರೆ. ಶಿನ್ ಒಕಾಜಾಕಿ ಮತ್ತು ಸಂಗಡಿಗರು 2013ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ನಾಡ್ ಫ್ಯಾಕ್ಟರನ್ನು ಕೇಳಿಸಿಕೊಳ್ಳುವ ಕಿವಿಯೇ ಇಲ್ಲದ, ಆದುದರಿಂದ ಗಂಟು ಕಟ್ಟಲಾರದ ಒಂದು ಸೋಯ ಗಿಡವನ್ನು ಅವರು ಆರಿಸಿಕೊಂಡರು. ಅದಕ್ಕೆ ‘ಯು.ಎಸ್.ಡಿ.ಎ. 61’ ಎಂಬ ಗುರುತಿನ ಬ್ರೇಡಿರೈಜೋಬಿಯಮ್ಮನ್ನು ಸೇರಿಸಿದಾಗ ಆ ಕಿವುಡು ಗಿಡದಲ್ಲಿಯೂ ಗಂಟು ಮೂಡಿತು. ಸೂಜಿಯಂತ್ರವನ್ನು ಕೆಡಿಸಿದ ಬ್ಯಾಕ್ಟೀರಿಯವನ್ನು ಸೇರಿಸಿದಾಗ ಮೂಡಲಿಲ್ಲ. ಬಾಗಿಲು ತಟ್ಟಿದ್ದು ಕೇಳಿಸದವನ ಮನೆಯೊಳಗೆ ನೇರವಾಗಿ ಓಲೆಯನ್ನೇ ತೂರಿಸಿ ಅತಿಥಿ ತನ್ನ ಕೆಲಸ ಸಾಧಿಸಿಕೊಂಡಂತಾಯಿತು.

ಮುಂದೆ 2019ರಲ್ಲಿ, ಬಾಸಿಂಗಕ್ಕೆ ಬಳಸುವ ಬೆಂಡಿನ ಗಿಡದ ಹತ್ತಿರದ ಬಂಧುವೊಂದರ ಮೇಲೆ ಫ್ರಾನ್ಸಿನ ವಿಜ್ಞಾನಿಗಳು ಮಾಡಿದ ಕೆಲಸದಿಂದ ಇನ್ನೊಂದು ಹೆಜ್ಜೆ ಸ್ಪಷ್ಟವಾಯಿತು. ‘ಎರ್ನ್‌ಎ’ ಎಂಬ ಒಂದೇ ಒಂದು ಸಸಾರಜನಕ ಸೂಜಿಯ ಮೂಲಕ ಗಿಡದ ಜೀವಕೋಶವನ್ನು ಸೇರಿ, ಅದರ ನಡುಮನೆಯಾದ ಕೋಶಕೇಂದ್ರಕ್ಕೆ ಹೋಗಿ, ಗಂಟು ಕಟ್ಟುವ ಕಾರ್ಯಕ್ರಮವನ್ನು ಆರಂಭಿಸುತ್ತದೆ. ಬ್ಯಾಕ್ಟೀರಿಯವೇ ಇಲ್ಲದೆ ಆ ಸಸಾರಜನಕವನ್ನು ಮಾತ್ರ ಬೇರಿನಲ್ಲಿ ತಯಾರಾಗುವಂತೆ ಮಾಡಿದರೂ ಗಂಟಿನ ರಚನೆ ತೊಡಗುತ್ತದೆ. ಒಂದು ಜೀವಿಯ ಸಸಾರಜನಕ ಇನ್ನೊಂದು ಜೀವಿಯಲ್ಲಿ ಹೊಸ ಅಂಗದ ಬೆಳವಣಿಗೆಗೆ ಕಾರಣವಾಗುತ್ತದೆ ಎಂಬುದು ಸಾಮಾನ್ಯ ಮಾತೆ?

ಓಲೆ ಒಂದು, ಓದುಗರು ಇಬ್ಬರು

ಈಗ ನಮ್ಮ ಉದ್ದು ಹೆಸರುಗಳಿಗೆ ಮರಳೋಣ. 2018ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಅದೇ ಯು.ಎಸ್.ಡಿ.ಎ. 61 ಬ್ಯಾಕ್ಟೀರಿಯವನ್ನು ಒಕಾಜಾಕಿಯವರ ತಂಡದವರು ವಿಗ್ನ ಕುಲದ ಗಿಡಗಳ ಮೇಲೆ ಪರೀಕ್ಷಿಸಿದ್ದರು. ಅದರ ಸೂಜಿಯಿಂದ ಹೊರಡುವ ಸಸಾರಜನಕಗಳಲ್ಲಿ ಒಂದಕ್ಕೆ ‘ಇನ್‌ಬಿ’ ಎಂದು ಹೆಸರಿಟ್ಟರು. ಹೆಸರಿನ ಒಂದು ತಳಿಯ ಬೇರು ಈ ಬ್ಯಾಕ್ಟೀರಿಯವನ್ನು ಸೇರಿಸುತ್ತಿರಲಿಲ್ಲ. ಬ್ಯಾಕ್ಟೀರಿಯದಿಂದ ಇನ್‌ಬಿಯ ವಂಶವಾಹಿಯೊಂದನ್ನು ಮಾತ್ರ ತೆಗೆದುಹಾಕಿದಾಗ ಅದೇ ಬೇರು ಅದನ್ನು ಬರಮಾಡಿಕೊಂಡು ಗಂಟು ಕಟ್ಟಿತು. ಉದ್ದಿನ ಒಂದು ತಳಿಯಲ್ಲಿ ಇದಕ್ಕೆ ನೇರ ವಿರುದ್ಧ: ಇನ್‌ಬಿ ಇದ್ದಾಗ ಗಂಟುಗಳು ಚೆನ್ನಾಗಿ ಬಂದವು, ತೆಗೆದುಹಾಕಿದಾಗ ಕುಗ್ಗಿದವು.

ಓಲೆಯ ಒಂದಕ್ಷರವೂ ಬದಲಾಗಿಲ್ಲ; ಬದಲಾದದ್ದು ಓದುವವರು. ಗಿಡಗಳಿಗೆ ನಮ್ಮಂತೆ ನೆತ್ತರಿನಲ್ಲಿ ಓಡಾಡುವ ಕಾವಲುಭಟರಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಸೂಜಿಯಿಂದ ಬರುವ ಸಸಾರಜನಕಗಳನ್ನು ಗುರುತಿಸುವ ವಿಶೇಷ ಕಾವಲುಗಾರರನ್ನು ಗಿಡಗಳು ತಲೆತಲಾಂತರದಿಂದ ಬೆಳೆಸಿಕೊಂಡು ಬಂದಿವೆ. ಏಕೆಂದರೆ ಅದೇ ದಾರಿಯಲ್ಲಿ ರೋಗಾಣುಗಳೂ ಬರುತ್ತವೆ. ಕಾವಲುಗಾರನಿಗೆ ಪರಿಚಯವಿರುವ ಮುಖ ಕಂಡರೆ ಸಾಕು, ಬಂದವನು ನೆಂಟನೋ ಕಳ್ಳನೋ ಎಂದು ವಿಚಾರಿಸದೆ ಬಾಗಿಲು ಮುಚ್ಚುತ್ತಾನೆ. ಒಂದು ಮನೆತನದ ಕಾವಲಿನವನಿಗೆ ತಿಳಿದಿರುವ ಮುಖ ದಾಯಾದಿಯ ಮನೆಯ ಕಾವಲಿನವನಿಗೆ ತಿಳಿಯದೆ ಇರಬಹುದು. ಮೈತ್ರಿಯೋ ವೈರವೋ ಎಂಬ ತೀರ್ಮಾನ ಕಳುಹಿಸಿದ ವಸ್ತುವಿನಲ್ಲಿಲ್ಲ, ಸ್ವೀಕರಿಸುವವನ ಓದಿನಲ್ಲಿದೆ.

ಭತ್ತದ ಸಾಕ್ಷ್ಯ

ಉದ್ದು ಬಿತ್ತುವ ಗದ್ದೆಯಲ್ಲಿಯೇ ಮಳೆಗಾಲಕ್ಕೆ ಭತ್ತ ನಿಲ್ಲುತ್ತದಷ್ಟೆ. ಅದೂ ಇದೇ ಮಾತಿಗೆ ಸಾಕ್ಷಿ ಹೇಳುತ್ತದೆ. ಭತ್ತದ ಎಲೆಯಂಚನ್ನು ಹಳದಿಯಾಗಿಸಿ ಒಣಗಿಸುವ ದುಂಡಾಣು ಅಂಗಮಾರಿ ರೋಗಕ್ಕೆ ಕಾರಣವಾದ ಜಾಂತೊಮೋನಾಸ್ ತನ್ನ ಸೂಜಿಯಿಂದ ಕಳುಹಿಸುವ ಕೆಲವು ಸಸಾರಜನಕಗಳು ಭತ್ತದ ಕೋಶಕೇಂದ್ರವನ್ನು ಹೊಕ್ಕು ವಂಶವಾಹಿಗಳ ಮೇಲೆ ನಿರ್ದಿಷ್ಟ ಜಾಗದಲ್ಲಿ ಕೂಡುತ್ತವೆ. ಸಕ್ಕರೆಯನ್ನು ಕೋಶದಿಂದ ಹೊರಬಿಡುವ ಬಾಗಿಲುಗಳನ್ನು ತೆರೆಯುವಂತೆ ಅಪ್ಪಣೆ ಕೊಡುತ್ತವೆ. ಗಿಡದ ಉಗ್ರಾಣ ಬ್ಯಾಕ್ಟೀರಿಯದ ಅನ್ನಛತ್ರವಾಗುತ್ತದೆ.

ಆ ಅಪ್ಪಣೆಯನ್ನು ಓದುವ ಜಾಗದ ಅಕ್ಷರಗಳೇ ಬೇರೆಯಾಗಿರುವ ಭತ್ತದ ತಳಿಗಳುಂಟು. ಅವುಗಳಲ್ಲಿ ಸಸಾರಜನಕ ಬಂದರೂ ಕೂಡಲು ಜಾಗ ಸಿಗದು, ಬಾಗಿಲು ತೆರೆಯದು. ಇಂತಹ ವಂಶವಾಹಿಯೊಂದನ್ನೂ ಬೇರೆ ಎರಡು ನಿರೋಧಕ ವಂಶವಾಹಿಗಳನ್ನೂ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಹಾಗೂ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಜನಪ್ರಿಯವಾದ ಸಾಂಬಾ ಮಸೂರಿಗೆ ಸಾಂಪ್ರದಾಯಿಕ ಸಂಕರಣದಿಂದಲೇ ಸೇರಿಸಿದರು. ‘ಸುಧಾರಿತ ಸಾಂಬಾ ಮಸೂರಿ’ ಎಂಬ ಆ ತಳಿ 2008ರಲ್ಲಿ ರೈತರಿಗೆ ಬಿಡುಗಡೆಯಾಯಿತು. ಶತ್ರುವಿನ ಸೂಜಿಯನ್ನು ಮುರಿಯಲಾಗದಿದ್ದರೂ ಅವನ ಓಲೆಯನ್ನು ಓದದಿರುವ ಮನೆಯನ್ನು ಕಟ್ಟಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ರೈತನಿಗೇನು? ಗೃಹಿಣಿಗೇನು?

ಇಷ್ಟು ಸೂಕ್ಷ್ಮವನ್ನು ಅರಿತು ಆಗಬೇಕಾದದ್ದೇನು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೃಷಿ ವಿಶ್ವವಿದ್ಯಾನಿಲಯಗಳು ರೈಜೋಬಿಯಮ್ ಜೀವಾಣು ಗೊಬ್ಬರದ ಪೊಟ್ಟಣಗಳನ್ನು ರೈತರಿಗೆ ಒದಗಿಸುತ್ತವೆ. ಬೆಲ್ಲದ ನೀರಿನಲ್ಲಿ ಅದನ್ನು ಕದಡಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತುವುದು ಕ್ರಮ. ಪೊಟ್ಟಣದ ಮೇಲೆ ಯಾವ ಬೆಳೆಗೆಂದು ಬರೆದಿರುತ್ತದೆ. ಅವಸರದಲ್ಲಿ, ಎಲ್ಲ ಬೇಳೆಗೂ ಒಂದೇ ಅಲ್ಲವೆ ಎಂದು ಕೈಗೆ ಸಿಕ್ಕಿದ್ದನ್ನು ಬಳಸುವವರುಂಟು. ಇನ್‌ಬಿಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಳೆಗಳು ದಾಯಾದಿಗಳಾದ ಮಾತ್ರಕ್ಕೆ ಅವುಗಳ ಅತಿಥಿಗಳೂ ಒಂದೇ ಎಂದು ಭಾವಿಸಲಾಗದು. ಪ್ರಯೋಗದಲ್ಲಿ ಕಂಡದ್ದು ಒಂದೊಂದು ತಳಿಯ ನಡವಳಿಕೆ. ಬೇರೆ ತಳಿಯ ಕಾವಲು ಬೇರೆಯಾಗಿರಬಹುದು. ಆದುದರಿಂದ ಬೆಳೆಗೆ ತಕ್ಕ, ಸಾಧ್ಯವಾದರೆ ತಳಿಗೂ ಮಣ್ಣಿಗೂ ತಕ್ಕ ಬ್ಯಾಕ್ಟೀರಿಯವನ್ನು ಆರಿಸುವುದೇ ವಿವೇಕ.

ಇನ್ನೊಂದು ಎಚ್ಚರಿಕೆ. ಮಣ್ಣಿನಲ್ಲಿ ಸಾರಜನಕ ಸಮೃದ್ಧವಾಗಿದ್ದರೆ ಗಿಡ ಅತಿಥಿಯನ್ನು ಕರೆಯುವುದೇ ಇಲ್ಲ. ಬೇಳೆಯ ಬೆಳೆಗೆ ಯೂರಿಯವನ್ನು ಧಾರಾಳವಾಗಿ ಎರಚಿದವನು ಪುಕ್ಕಟೆಯಾಗಿ ಬರುತ್ತಿದ್ದ ಕೆಲಸಗಾರನನ್ನು ಮನೆಗೆ ಕಳುಹಿಸಿ, ಅದೇ ಕೆಲಸಕ್ಕೆ ಕೂಲಿ ತೆತ್ತಂತೆ. ಕರಾವಳಿಯ ಹುಳಿಮಣ್ಣು ಈ ಬ್ಯಾಕ್ಟೀರಿಯಗಳಿಗೆ ಅಷ್ಟಾಗಿ ಹಿಡಿಸದು. ಮಣ್ಣನ್ನು ಪರೀಕ್ಷಿಸಿ ತಕ್ಕಷ್ಟು ಸುಣ್ಣ ಸೇರಿಸುವುದರಿಂದ ಅವಕ್ಕೆ ನೆಮ್ಮದಿ.

ಪೇಟೆಯ ಮನೆಗಳಲ್ಲಿಯೂ ಇದನ್ನು ಕಣ್ಣಾರೆ ಕಾಣಬಹುದು. ರಜೆಯಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಒಂದು ಕುಂಡದಲ್ಲಿ ಹೊಲದ ಮಣ್ಣನ್ನು ತುಂಬಿ ನಾಲ್ಕಾರು ಅಲಸಂದೆ ಬೀಜಗಳನ್ನು ಊರಿರಿ. ಗೊಬ್ಬರ ಹಾಕಬೇಡಿ. ಆರು ವಾರಗಳಾದ ಮೇಲೆ ಮಣ್ಣನ್ನು ನೆನೆಸಿ, ಬೇರು ಹರಿಯದಂತೆ ಒಂದು ಗಿಡವನ್ನು ಎತ್ತಿ ತೊಳೆಯಿರಿ. ಗಂಟುಗಳು ಕಂಡರೆ ಒಂದನ್ನು ಸೀಳಿ ನೋಡಿ. ನಸುಗೆಂಪಾಗಿದ್ದರೆ ಕಾರ್ಖಾನೆ ನಡೆಯುತ್ತಿದೆ; ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಅದು ಇನ್ನೂ ಎಳೆಯದು, ಇಲ್ಲವೆ ಮುದಿಯಾದದ್ದು, ಇಲ್ಲವೆ ಬಾಡಿಗೆ ಕೊಡದ ಬಾಡಿಗೆದಾರನಿರುವ ಮನೆ.

ಬರಿದಾದ ಮನೆಗೆ ಅತಿಥಿ ಬಾರನು

ದಕ್ಷಿಣ ಕನ್ನಡದಲ್ಲಿ ಭತ್ತದ ಬೇಸಾಯ ಕೆಲವು ದಶಕಗಳಿಂದ ಕುಗ್ಗುತ್ತ ಬಂದಿದೆ. ಆಳಿನ ಅಭಾವ, ಖರ್ಚಿನ ಭಾರ, ಅಡಕೆಯ ಆಕರ್ಷಣೆ ಎಲ್ಲವೂ ಸೇರಿ ಎಷ್ಟೋ ಗದ್ದೆಗಳು ತೋಟವಾದವು. ಕೆಲವು ಹಡಿಲು ಬಿದ್ದವು. ಗದ್ದೆಯೊಡನೆ ಗದ್ದೆಯ ಉದ್ದು ಹೆಸರುಗಳೂ ಹೋದವು. ನೇತ್ರಾವತಿಯ ದಡದ ಹಳ್ಳಿಗಳ ಅಂಗಡಿಗಳಲ್ಲಿಯೂ ಘಟ್ಟದಾಚೆಯಿಂದ ಬಂದ ಬೇಳೆಯೇ ಕಾಣುತ್ತದೆ. ಇದನ್ನು ರೈತನ ತಪ್ಪೆನ್ನುವುದು ನ್ಯಾಯವಲ್ಲ; ಹೊಟ್ಟೆಪಾಡಿನ ಲೆಕ್ಕವನ್ನು ಅವನು ಹಾಕಲೇಬೇಕು.

ಆದರೆ ನಷ್ಟದ ಲೆಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಬಾಬನ್ನೂ ಬರೆದುಕೊಳ್ಳಬೇಕು. ಆಶ್ರಯ ಕೊಡುವ ಬೆಳೆ ಬಹುಕಾಲ ಬಾರದ ಮಣ್ಣಿನಲ್ಲಿ ಆ ಬೆಳೆಯ ರೈಜೋಬಿಯಮ್ಮುಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ತಲೆಮಾರುಗಳಿಂದ ಆ ಗದ್ದೆಯ ಉದ್ದಿನೊಡನೆ ಮಾತು ಕಲಿತು, ಅದರ ಕಾವಲುಗಾರನಿಗೆ ಒಪ್ಪಿಗೆಯಾದ ಓಲೆಯನ್ನು ಹೊತ್ತ ಊರಿನ ಬ್ಯಾಕ್ಟೀರಿಯಗಳು ಹೀಗೆ ವಿರಳವಾಗುತ್ತವೆ. ಪೊಟ್ಟಣದಲ್ಲಿ ತಂದು ಮತ್ತೆ ಬಿತ್ತಬಹುದು, ನಿಜ. ಆದರೆ ಯಾವುದನ್ನು ತರಬೇಕೆಂಬುದನ್ನು ತಿಳಿಯಲು ಇದ್ದದ್ದೇನೆಂಬುದನ್ನು ಮೊದಲು ಅರಿತಿರಬೇಕು.

ಅಕ್ಕಿ, ಗೋಧಿ, ರಾಗಿಗಳಿಗೂ ಬೇರುಗಂಟು ಕಟ್ಟುವ ವಿದ್ಯೆಯನ್ನು ಕಲಿಸಬೇಕೆಂಬುದು ಜಗತ್ತಿನ ಹಲವು ಪ್ರಯೋಗಶಾಲೆಗಳ ಕನಸು. ಒಂದೇ ಸಸಾರಜನಕ ಗಂಟಿನ ಬೆಳವಣಿಗೆಯನ್ನು ಆರಂಭಿಸಬಲ್ಲದೆಂಬ ಸಂಗತಿ ಆ ಕನಸಿಗೆ ಒಂದು ಹೊಸ ಮೆಟ್ಟಿಲು. ಅದು ಕೈಗೂಡುವವರೆಗೆ, ಈಗಾಗಲೇ ಆ ವಿದ್ಯೆ ಬಲ್ಲ ಬೆಳೆಗಳನ್ನು ಕೈಬಿಡದಿರುವುದು ನಮ್ಮ ಕೈಯಲ್ಲಿದೆ. ಏಣೇಲಿನ ಕೊಯ್ಲು ಮುಗಿದ ಮಜಲು ಗದ್ದೆಯಲ್ಲಿ ತೇವ ಇನ್ನೂ ಆರಿರುವುದಿಲ್ಲ. ಮೂರು ತಿಂಗಳ ಬೆಳೆಗೆ ಅಷ್ಟು ಸಾಕು. ಬಿತ್ತುವ ಕೈ ಒಂದಿದ್ದರೆ ಗಾಳಿಯನ್ನು ಅನ್ನವಾಗಿಸುವ ಕೆಲಸವನ್ನು ಮಿಕ್ಕವರು ನೋಡಿಕೊಳ್ಳುತ್ತಾರೆ.